ಕತ್ತರಿ ಯಾವುದು, ಇಕ್ಕಳ ಯಾವುದು: ಬರೆದು ಕೇಳಿದರೆ ಕಂಪ್ಯೂಟರ್ ಹುಡುಕುವುದು ಹೇಗೆ?

ನೀಡಲ್ ಹೋಲ್ಡರ್ ಮತ್ತು ಆರ್ಟರಿ ಫೋರ್ಸೆಪ್ಸ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ, ಆಪರೇಷನ್ ಥಿಯೇಟರಿನ ಒಳಗು ಗೊತ್ತಿಲ್ಲದವರ ಕಣ್ಣಿಗೆ ಎರಡೂ ಒಂದೇ. ಬೆರಳು ತೂರಿಸಲು ಎರಡು ಉಂಗುರ, ಅವುಗಳ ನಡುವೆ ಹಲ್ಲುಹಲ್ಲಾದ ಕೊಂಡಿ, ಕತ್ತರಿಯಂತೆ ಒಂದನ್ನೊಂದು ದಾಟುವ ಎರಡು ತೋಳು, ತುದಿಯಲ್ಲಿ ಕಚ್ಚುವ ಬಾಯಿ. ವ್ಯತ್ಯಾಸವೆಲ್ಲ ಆ ಬಾಯಿಯಲ್ಲಿದೆ. ಹೊಲಿಗೆಯ ಸೂಜಿಯನ್ನು ಹಿಡಿಯುವ ನೀಡಲ್ ಹೋಲ್ಡರಿನ ಬಾಯಿ ಗಿಡ್ಡ ಮತ್ತು ದಪ್ಪ. ಸೂಜಿ ಹೊರಳದಂತೆ ಅದರ ಒಳಮೈಯಲ್ಲಿ ಗೀರುಗಳು ಒಂದನ್ನೊಂದು ಹಾದು ಜಾಲರಿಯಂತೆ ಹರಡಿರುತ್ತವೆ. ರಕ್ತನಾಳವನ್ನು ಅದುಮುವ ಆರ್ಟರಿ ಫೋರ್ಸೆಪ್ಸಿನ ಬಾಯಿ ಉದ್ದ, ತುದಿಗೆ ಹೋದಂತೆ ಸಣ್ಣ. ಗೀರುಗಳು ಅಡ್ಡಕ್ಕೆ ಮಾತ್ರ. ಕೆಲವು ನೀಡಲ್ ಹೋಲ್ಡರುಗಳ ಹಿಡಿ ಬಂಗಾರದ ಬಣ್ಣದ್ದು. ಬಾಯಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ್ದಾರೆ ಎಂಬುದರ ಗುರುತು ಅದು. ಆದರೆ ಕಾರ್ಬೈಡ್ ಅಲಗಿನ ಕತ್ತರಿಗಳಿಗೂ ಇದೇ ಬಣ್ಣದ ಹಿಡಿ ಇರುವುದರಿಂದ ಅದನ್ನೊಂದನ್ನೇ ನಂಬುವಂತಿಲ್ಲ.

ಇವೆರಡೂ ಇರುವ ಒಂದು ಫೋಟೋವನ್ನು ಕಂಪ್ಯೂಟರಿಗೆ ಕೊಟ್ಟು, ‘ನೀಡಲ್ ಹೋಲ್ಡರ್ ಎಲ್ಲಿದೆ?’ ಎಂದು ಟೈಪ್ ಮಾಡಿದರೆ ಅದು ಸರಿಯಾದ ಉಪಕರಣದ ಮೇಲಷ್ಟೇ ಬಣ್ಣ ಬಳಿದು ತೋರಿಸಬೇಕು. ಪಠ್ಯ ಪ್ರಾಂಪ್ಟ್ ಮೂಲಕ ಗುರುತಿಸುವುದು ಎಂದರೆ ಇಷ್ಟೇ. ಕೇಳಲು ಸಲೀಸು. ಆದರೆ ಒಳಗೆ ನಡೆಯುವ ಕೆಲಸ, ಗೂಗಲ್‌ನಲ್ಲಿ ಪದ ಹುಡುಕಿದಂತೆಯೂ ಇಲ್ಲ, ತಿಳಿದವರನ್ನು ಕೇಳಿದಂತೆಯೂ ಇಲ್ಲ. ಅದನ್ನು ಅರಿಯದೆ ಪ್ರಾಂಪ್ಟ್ ಬರೆದರೆ ಯಂತ್ರ ಎಳ್ಳಷ್ಟೂ ಅಳುಕಿಲ್ಲದೆ ತಪ್ಪು ಉಪಕರಣವನ್ನು ತೋರಿಸುತ್ತದೆ.

ಇದರ ಅಗತ್ಯವಾದರೂ ಏನು ಎಂದರೆ, ಕಾರಣಗಳು ಹಲವು. ಕ್ರಿಮಿಶುದ್ಧಿ ಮಾಡಿದ ಉಪಕರಣಗಳನ್ನು ಟ್ರೇಗೆ ಜೋಡಿಸುವಾಗ ಸರಿಯಾದುದು ಸೇರಿತೇ ಎಂದು ನೋಡಬೇಕು. ಗಂಟೆಗಟ್ಟಲೆ ಉದ್ದದ ಶಸ್ತ್ರಚಿಕಿತ್ಸೆಯ ವಿಡಿಯೊದಲ್ಲಿ ಕತ್ತರಿ ಬಳಸಿದ ಕ್ಷಣಗಳನ್ನಷ್ಟೇ ಹೆಕ್ಕಬೇಕು. ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯಲ್ಲಿ ಉಪಕರಣದ ತುದಿ ಎಲ್ಲಿದೆ ಎಂಬುದು ತಂತ್ರಾಂಶಕ್ಕೆ ಕ್ಷಣಕ್ಷಣಕ್ಕೂ ತಿಳಿಯಬೇಕು. ಇನ್ನೊಂದು ಆಸೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ರೋಗಿಯನ್ನು ಥಿಯೇಟರಿನಿಂದ ಹೊರಗೆ ಕರೆದೊಯ್ಯುವ ಮೊದಲು ಉಪಕರಣ, ಬಟ್ಟೆಯುಂಡೆ, ಸೂಜಿಗಳ ಲೆಕ್ಕ ಸರಿಯಿದೆ ಎಂದು ನರ್ಸ್ ಬಾಯಿಬಿಟ್ಟು ಹೇಳಬೇಕೆಂಬ ಅಂಶವಿದೆ. ಆ ಲೆಕ್ಕವನ್ನೂ ಕ್ಯಾಮೆರಾಕ್ಕೆ ಒಪ್ಪಿಸಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸದ್ಯಕ್ಕೆ ಒಪ್ಪಿಸಬಾರದು ಎಂಬುದು ನನ್ನ ಉತ್ತರ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಹಳೆಯ ದಾರಿ: ಏಳು ಖಾನೆಗಳು

ಪಠ್ಯ ಪ್ರಾಂಪ್ಟ್ ಬರುವ ಮೊದಲು ಈ ಕೆಲಸ ನಡೆಯುತ್ತಿದ್ದುದು ಖಾನೆಗಳ ಲೆಕ್ಕದಲ್ಲಿ. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಕೋಲೆಕ್80 ಎಂಬ ದತ್ತಾಂಶವನ್ನೇ ನೋಡಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 13 ಶಸ್ತ್ರಚಿಕಿತ್ಸಕರು ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ ಕ್ಯಾಮೆರಾ, ಉಪಕರಣ ತೂರಿಸುವ ವಿಧಾನ) ಮೂಲಕ ಪಿತ್ತಕೋಶ ತೆಗೆದ 80 ವಿಡಿಯೊಗಳ ಸಂಗ್ರಹ ಅದು. ಅದರಲ್ಲಿ ಉಪಕರಣಗಳ ಬಗೆ ಏಳು: ಗ್ರಾಸ್ಪರ್, ಬೈಪೋಲಾರ್, ಹುಕ್, ಕತ್ತರಿ, ಕ್ಲಿಪ್ಪರ್, ಇರಿಗೇಟರ್ ಮತ್ತು ಕತ್ತರಿಸಿದ ಭಾಗವನ್ನು ಹಾಕುವ ಚೀಲ. ಇದರ ಮೇಲೆ ತರಬೇತಾದ ನರಜಾಲಕ್ಕೆ, ಅಂದರೆ ಉದಾಹರಣೆಗಳನ್ನು ನೋಡಿ ಕಲಿಯುವ ತಂತ್ರಾಂಶಕ್ಕೆ, ಪ್ರಪಂಚದಲ್ಲಿ ಇರುವುದೇ ಏಳು ವಸ್ತು. ‘ಹುಕ್’ ಎಂಬ ಮಾತಿನ ಅರ್ಥ ಅದಕ್ಕೆ ಗೊತ್ತಿಲ್ಲ. ಮೂರನೆಯ ಖಾನೆ ಎಂದಷ್ಟೇ ಗೊತ್ತು. ಎಂಟನೆಯ ಉಪಕರಣವೊಂದು ಚಿತ್ರದಲ್ಲಿ ಬಂದರೆ ಅದನ್ನೂ ಈ ಏಳರೊಳಗೇ ತುರುಕಲು ನೋಡುತ್ತದೆ, ಇಲ್ಲವೇ ಕಂಡೂ ಕಾಣದಂತೆ ಬಿಟ್ಟುಬಿಡುತ್ತದೆ.

ಎಂಟನೆಯದನ್ನು ಸೇರಿಸಬೇಕೆಂದರೆ ಹೊಸ ಚಿತ್ರಗಳು ಬೇಕು, ಒಂದೊಂದರಲ್ಲೂ ಉಪಕರಣದ ಅಂಚನ್ನು ಗುರುತು ಮಾಡುವ ಜನ ಬೇಕು, ಮತ್ತೆ ತರಬೇತಿ ಬೇಕು. ದಾ ವಿಂಚಿ ರೋಬೋಟ್ ಬಳಸಿ ಹಂದಿಗಳ ಮೇಲೆ ಮಾಡಿದ ಶಸ್ತ್ರಚಿಕಿತ್ಸೆಯ ದೃಶ್ಯಗಳಿಂದ 2017ರಲ್ಲಿ ಎಂಡೊವಿಸ್ ಎಂಬ ಸ್ಪರ್ಧೆ ನಡೆಯಿತು. ಅದರ ಒಂದೊಂದು ಚಿತ್ರವೂ 1280ಕ್ಕೆ 1024 ಪಿಕ್ಸೆಲ್. ಅಂದರೆ ಒಂದು ಚಿತ್ರದಲ್ಲಿ 13 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್. ಪ್ರತಿಯೊಂದು ಪಿಕ್ಸೆಲ್ ಯಾವುದಕ್ಕೆ ಸೇರಿದ್ದು ಎಂದು ಹೇಳುವ ಕೆಲಸ ಬೇಸರದ್ದು, ದುಬಾರಿಯದು. ಮೇಲಾಗಿ ಅದನ್ನು ಮಾಡುವವರಿಗೆ ಉಪಕರಣಗಳ ಪರಿಚಯವೂ ಇರಬೇಕು. ಶಸ್ತ್ರಚಿಕಿತ್ಸೆಯ ಉಪಕರಣಗಳೋ ನೂರಾರು. ಖಾನೆ ಸೇರಿಸುತ್ತ ಹೋದರೆ ಈ ಓಟಕ್ಕೆ ಕೊನೆಯಿಲ್ಲ.

ಅಕ್ಷರ ಮತ್ತು ಚಿತ್ರವನ್ನು ಒಂದೇ ಅಂಗಳಕ್ಕೆ ತಂದದ್ದು

ತಿರುವು ಬಂದದ್ದು 2021ರ ಜನವರಿಯಲ್ಲಿ. ಓಪನ್‌ಎಐ ಸಂಸ್ಥೆ ಕ್ಲಿಪ್ ಎಂಬ ಮಾದರಿಯನ್ನು ಪ್ರಕಟಿಸಿತು. (ರಕ್ತನಾಳಕ್ಕೆ ಹಾಕುವ ಲೋಹದ ಕ್ಲಿಪ್‌ಗೂ ಇದಕ್ಕೂ ಸಂಬಂಧವಿಲ್ಲ, ಈ ಕ್ಷೇತ್ರದಲ್ಲಿ ಎರಡೂ ಒಟ್ಟಿಗೆ ಎದುರಾಗುವುದು ಒಂದು ತಮಾಷೆ.) ಅಂತರ್ಜಾಲದಿಂದ ಆಯ್ದ 40 ಕೋಟಿ ಜೋಡಿಗಳ ಮೇಲೆ ಅದರ ತರಬೇತಿ ನಡೆದಿತ್ತು. ಜೋಡಿಯೆಂದರೆ ಒಂದು ಚಿತ್ರ ಮತ್ತು ಅದರ ಜೊತೆಗೆ ಯಾರೋ ಬರೆದಿದ್ದ ಪಠ್ಯ. ಯಾರೂ ಕೂತು ಖಾನೆ ಹಂಚಿರಲಿಲ್ಲ.

ಕ್ಲಿಪ್‌ನಲ್ಲಿ ಎರಡು ನರಜಾಲಗಳಿವೆ. ಒಂದು ಚಿತ್ರವನ್ನು ನುಂಗಿ ಸಂಖ್ಯೆಗಳ ಒಂದು ಸಾಲನ್ನು ಕೊಡುತ್ತದೆ. ಇನ್ನೊಂದು ಪಠ್ಯವನ್ನು ನುಂಗಿ ಅಷ್ಟೇ ಉದ್ದದ ಇನ್ನೊಂದು ಸಾಲನ್ನು ಕೊಡುತ್ತದೆ. ಚಿಕ್ಕ ಮಾದರಿಯಲ್ಲಿ ಈ ಸಾಲಿನ ಉದ್ದ 512 ಸಂಖ್ಯೆಗಳು. ಇಂಥ ಸಾಲಿಗೆ ವೆಕ್ಟರ್ ಎನ್ನುತ್ತಾರೆ; 512 ಆಯಾಮಗಳ ಆಕಾಶದಲ್ಲಿ ಒಂದು ದಿಕ್ಕನ್ನು ತೋರುವ ಬಾಣ ಅದು. ತರಬೇತಿಯಲ್ಲಿ ಒಂದು ಸಲಕ್ಕೆ 32,768 ಜೋಡಿಗಳನ್ನು ಸುರಿದು, ನಿಜವಾಗಿ ಜೋಡಿಯಾಗಿರುವ ಚಿತ್ರ ಮತ್ತು ಪಠ್ಯದ ಬಾಣಗಳು ಒಂದೇ ದಿಕ್ಕಿಗೆ ತಿರುಗುವಂತೆ, ಜೋಡಿಯಲ್ಲದವು ಬೇರೆ ಬೇರೆ ದಿಕ್ಕಿಗೆ ಸರಿಯುವಂತೆ ಎರಡೂ ಜಾಲಗಳನ್ನು ತಿದ್ದುತ್ತಾರೆ. ಇದನ್ನೇ ಮತ್ತೆ ಮತ್ತೆ ಮಾಡಿದ ಮೇಲೆ, ‘ಕತ್ತರಿ’ ಎಂಬ ಪಠ್ಯದ ಬಾಣವೂ ಕತ್ತರಿಯ ಚಿತ್ರದ ಬಾಣವೂ ಸರಿಸುಮಾರು ಒಂದೇ ಕಡೆ ನೋಡುತ್ತವೆ.

ಇದರಿಂದ ಒದಗಿದ ಲಾಭ ದೊಡ್ಡದು. ಖಾನೆಗಳ ಪಟ್ಟಿಯನ್ನು ತರಬೇತಿಯ ಹೊತ್ತಿಗೇ ನಿರ್ಧರಿಸಬೇಕಿಲ್ಲ. ಬಳಸುವ ಹೊತ್ತಿಗೆ ಏನು ಬೇಕೋ ಅದನ್ನು ಬರೆದರೆ ಆಯಿತು. ಹಾಗೆ ಬರೆದ ಪಠ್ಯವೇ ಪ್ರಾಂಪ್ಟ್. ಚಿತ್ರದಲ್ಲಿರುವ ವಸ್ತು ಯಾವುದೆಂದು ಹೇಳಬೇಕಾದ ಇಮೇಜ್‌ನೆಟ್ ಎಂಬ ಪ್ರಸಿದ್ಧ ಪರೀಕ್ಷೆಯಲ್ಲಿ, ಅದರ ತರಬೇತಿಗೆಂದೇ ಇರುವ 12.8 ಲಕ್ಷ ಚಿತ್ರಗಳಲ್ಲಿ ಒಂದನ್ನೂ ಬಳಸದೆ ಕ್ಲಿಪ್ ಶೇಕಡಾ 76.2ರಷ್ಟು ಸರಿಯುತ್ತರ ಕೊಟ್ಟಿತು. ಆದರೆ ಅದೇ ಮಾದರಿ ಕೈಬರಹದ ಅಂಕಿಗಳನ್ನು ಓದುವ ಎಮ್‌ನಿಸ್ಟ್ ಪರೀಕ್ಷೆಯಲ್ಲಿ, ವಿದ್ಯಾರ್ಥಿಗಳು ಮೊದಲ ಪಾಠಕ್ಕೆ ಮಾಡುವ ಅಭ್ಯಾಸದಲ್ಲಿ, ಶೇಕಡಾ 88ಕ್ಕೆ ನಿಂತಿತು. ಅಂತರ್ಜಾಲದಲ್ಲಿ ಅಂಥ ಚಿತ್ರಗಳು ವಿರಳ. ಕಾಣದ್ದನ್ನು ಅದು ಕಲಿಯಲಿಲ್ಲ. ಹೊಟ್ಟೆಯೊಳಗೆ, ರಕ್ತ ಮತ್ತು ಹೊಗೆಯ ನಡುವೆ ಹೊಳೆಯುವ ಉಕ್ಕಿನ ತುದಿಯ ಚಿತ್ರಗಳು ಅಂತರ್ಜಾಲದಲ್ಲಿ ಎಷ್ಟಿರಬಹುದು ಎಂದು ಯೋಚಿಸಿದರೆ, ಮುಂದಿನ ತೊಂದರೆಗಳ ಸುಳಿವು ಈಗಲೇ ಸಿಗುತ್ತದೆ.

ಶೇಕಡಾ 99 ಎಂಬ ಮೋಸ

ಇಲ್ಲೊಂದು ಲೆಕ್ಕ ಮಾಡಿ ನೋಡೋಣ. ಸಂಖ್ಯೆಗಳನ್ನು ವಿವರಣೆಗಾಗಿ ನಾನೇ ಇಟ್ಟುಕೊಂಡಿದ್ದೇನೆ. ಒಂದು ನೀಡಲ್ ಹೋಲ್ಡರಿನ ಚಿತ್ರ, ಮೂರು ಪ್ರಾಂಪ್ಟ್: ನೀಡಲ್ ಹೋಲ್ಡರ್, ಆರ್ಟರಿ ಫೋರ್ಸೆಪ್ಸ್, ಕತ್ತರಿ. ಚಿತ್ರದ ಬಾಣಕ್ಕೂ ಈ ಮೂರು ಪಠ್ಯಗಳ ಬಾಣಗಳಿಗೂ ಇರುವ ಹೋಲಿಕೆ ಕ್ರಮವಾಗಿ 0.27, 0.26, 0.21 ಎಂದಿರಲಿ. ಮೊದಲ ಎರಡರ ನಡುವಿನ ಅಂತರ ಕೂದಲೆಳೆಯಷ್ಟು. ಆದರೆ ಕ್ಲಿಪ್ ಈ ಸಂಖ್ಯೆಗಳನ್ನು ಹಾಗೆಯೇ ಕೊಡುವುದಿಲ್ಲ. ಮೊದಲು ಸುಮಾರು 100ರಿಂದ ಗುಣಿಸಿ, ಆಮೇಲೆ ಎಲ್ಲವೂ ಸೇರಿ ಶೇಕಡಾ 100 ಆಗುವಂತೆ ಹಂಚುತ್ತದೆ. ಹಂಚಿದ ಮೇಲೆ ಬರುವುದು: ನೀಡಲ್ ಹೋಲ್ಡರ್ ಶೇಕಡಾ 73, ಆರ್ಟರಿ ಫೋರ್ಸೆಪ್ಸ್ ಶೇಕಡಾ 27, ಕತ್ತರಿ ಶೇಕಡಾ 0.2.

ಈಗ ಪಟ್ಟಿಯಿಂದ ‘ನೀಡಲ್ ಹೋಲ್ಡರ್’ ಅನ್ನು ತೆಗೆದುಹಾಕಿ. ಚಿತ್ರ ಅದೇ, ಹೋಲಿಕೆಯ ಸಂಖ್ಯೆಗಳೂ ಅವೇ. ಆದರೆ ಉತ್ತರ: ಆರ್ಟರಿ ಫೋರ್ಸೆಪ್ಸ್, ಶೇಕಡಾ 99.3. ಚಿತ್ರದಲ್ಲಿ ಇಲ್ಲವೇ ಇಲ್ಲದ ಉಪಕರಣದ ಬಗ್ಗೆ ಯಂತ್ರಕ್ಕೆ ಈಗ ಸಂಶಯವೇ ಉಳಿದಿಲ್ಲ! ತೆರೆಯ ಮೇಲೆ ಕಾಣುವ ಶೇಕಡಾವಾರು ಎಂದರೆ ‘ನೀನು ಕೊಟ್ಟ ಆಯ್ಕೆಗಳಲ್ಲಿ ಇದೇ ವಾಸಿ’ ಎಂಬ ಮಾತು, ಅಷ್ಟೇ. ‘ಇದು ಖಂಡಿತ ಅದೇ’ ಎಂದು ಅದನ್ನು ಓದಿಕೊಳ್ಳುವುದು ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರೆಲ್ಲ ಎಡವುವ ಜಾಗ. ‘ಇವು ಯಾವುವೂ ಅಲ್ಲ’ ಎನ್ನುವ ದಾರಿಯನ್ನು ನಾವೇ ಕಟ್ಟಿಕೊಡಬೇಕು. ಹಂಚುವ ಮೊದಲಿನ ಹೋಲಿಕೆಯ ಸಂಖ್ಯೆಗೆ ಒಂದು ಕನಿಷ್ಠ ಮಿತಿ ಇಡಬಹುದು, ಅಥವಾ ಬರೀ ಅಂಗಾಂಶ, ಖಾಲಿ ಟ್ರೇ, ಹಸಿರು ಬಟ್ಟೆ ಎಂಬಂಥ ಪ್ರಾಂಪ್ಟ್‌ಗಳನ್ನೂ ಪಟ್ಟಿಗೆ ಸೇರಿಸಬಹುದು.

ಪ್ರಾಂಪ್ಟ್ ಬರೆಯುವ ಕಲೆ

ಬರೀ ಹೆಸರಿಗಿಂತ ‘ಇದು ಇಂಥದ್ದರ ಫೋಟೋ’ ಎಂಬ ವಾಕ್ಯ ಕೊಟ್ಟರೆ ಕ್ಲಿಪ್ ಚೆನ್ನಾಗಿ ಗುರುತಿಸುತ್ತದೆ ಎಂಬುದನ್ನು ಅದನ್ನು ಕಟ್ಟಿದವರೇ ತೋರಿಸಿದ್ದಾರೆ. ಇಮೇಜ್‌ನೆಟ್‌ನಲ್ಲಿ ಅಷ್ಟರಿಂದಲೇ ಶೇಕಡಾ 1.3ರಷ್ಟು ಅಂಕ ಏರಿತು. 80 ಬಗೆಯ ವಾಕ್ಯಗಳನ್ನು ಬರೆದು ಅವುಗಳ ಸರಾಸರಿ ಬಾಣವನ್ನು ತೆಗೆದುಕೊಂಡಾಗ ಇನ್ನೂ ಶೇಕಡಾ 3.5. ಅಂತರ್ಜಾಲದಲ್ಲಿ ಚಿತ್ರದ ಕೆಳಗೆ ಜನ ಬರೆಯುವುದು ವಾಕ್ಯಗಳನ್ನು, ಒಂಟಿ ಪದಗಳನ್ನಲ್ಲ ಎಂಬುದೇ ಇದರ ಕಾರಣ. (ಪ್ರಾಂಪ್ಟ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಮೂಲ ಕ್ಲಿಪ್ ಕಲಿತದ್ದು ಹೆಚ್ಚಾಗಿ ಇಂಗ್ಲಿಷ್ ಪಠ್ಯದಿಂದ. ಅದಕ್ಕೆ ಇಂಗ್ಲಿಷಿನಲ್ಲೇ ಕೊಡಬೇಕು.)

ಉಪಕರಣಗಳ ವಿಷಯದಲ್ಲಿ ತೊಡಕು ಇನ್ನೂ ಆಳದ್ದು. ಅವುಗಳ ಹೆಸರುಗಳು ನೋಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೋಕರ್ ಎಂಬುದು 1909ರಲ್ಲಿ ನೊಬೆಲ್ ಪಡೆದ ಸ್ವಿಸ್ ಶಸ್ತ್ರಚಿಕಿತ್ಸಕ ಥಿಯೋಡರ್ ಕೋಕರ್ ಅವರ ಹೆಸರು. ಆಲಿಸ್, ಬ್ಯಾಬ್‌ಕಾಕ್, ಮೆಟ್ಜೆನ್‌ಬಾಮ್ ಇವೂ ವ್ಯಕ್ತಿಗಳ ಹೆಸರುಗಳೇ. ‘ಮೇಯೊ’ ಎಂದರೆ ಥಿಯೇಟರಿನಲ್ಲಿ ಗಟ್ಟಿಮುಟ್ಟಾದ ಕತ್ತರಿ, ಅಂತರ್ಜಾಲದಲ್ಲಿ ಹೆಚ್ಚಿನ ಮಟ್ಟಿಗೆ ಬ್ರೆಡ್ಡಿಗೆ ಸವರುವ ಬಿಳಿಯ ಪದಾರ್ಥ. ಇನ್ನು ಮಸ್ಕಿಟೋ ಫೋರ್ಸೆಪ್ಸ್, ಬುಲ್‌ಡಾಗ್ ಕ್ಲಾಂಪ್, ಅಲಿಗೇಟರ್ ಫೋರ್ಸೆಪ್ಸ್: ಸೊಳ್ಳೆ, ನಾಯಿ, ಮೊಸಳೆ! ಅಂತರ್ಜಾಲದ ಚಿತ್ರಗಳಿಂದ ಕಲಿತ ಮಾದರಿಗೆ ಈ ಪದಗಳು ಎಳೆಯುವುದು ಯಾವ ದಿಕ್ಕಿಗೆ ಎಂದು ಬೇರೆ ಹೇಳಬೇಕಿಲ್ಲ.

ಗುಂಪಿನಲ್ಲಿ ಒಬ್ಬರನ್ನು ಹುಡುಕಿ ಕರೆತರಲು ಪರಿಚಯವಿಲ್ಲದವರನ್ನು ಕಳಿಸುವಾಗ ನಾವು ಹೆಸರಿನ ಜೊತೆ ಚಹರೆಯನ್ನೂ ಹೇಳುತ್ತೇವಲ್ಲ, ಇಲ್ಲಿಯೂ ಅದೇ ಕೆಲಸ ಮಾಡಬೇಕು. ಬ್ಯಾಬ್‌ಕಾಕ್ ಬೇಕಿದ್ದರೆ ‘ಬ್ಯಾಬ್‌ಕಾಕ್ ಫೋರ್ಸೆಪ್ಸ್, ಉದ್ದನೆಯ ಉಕ್ಕಿನ ಉಪಕರಣ, ತುದಿ ಅಗಲವಾಗಿ ದುಂಡಗಿದ್ದು ನಡುವೆ ದೊಡ್ಡ ತೂತಿದೆ, ಕಚ್ಚುವ ಅಂಚು ನುಣುಪು’ ಎಂದು ಬರೆಯುವುದು. ಆಲಿಸ್ ಆದರೆ ‘ತುದಿಯಲ್ಲಿ ಒಂದರೊಳಗೊಂದು ಕೂರುವ ಸಣ್ಣ ಹಲ್ಲುಗಳ ಸಾಲು’. ಮೇಯೊ ಮತ್ತು ಮೆಟ್ಜೆನ್‌ಬಾಮ್ ಎರಡೂ ಕತ್ತರಿಗಳೇ. ಎರಡನೆಯದರಲ್ಲಿ ಹಿಡಿಯ ಭಾಗ ಉದ್ದ, ಅಲಗು ಗಿಡ್ಡ ಮತ್ತು ತೆಳು. ಆ ಪ್ರಮಾಣವನ್ನೇ ಬರೆಯಬೇಕು. ಎಲ್ಲವೂ ಉಕ್ಕಿನ ಬಣ್ಣದವೇ ಆಗಿರುವ ಟ್ರೇಯಲ್ಲಿ ‘ಬೆಳ್ಳಿ ಬಣ್ಣ’ ಎಂದು ಬರೆದು ಪ್ರಯೋಜನವಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಬ್ಯಾಬ್‌ಕಾಕ್‌ನ ಅಂಚಿನ ಬಗ್ಗೆ ‘ಹಲ್ಲುಗಳಿಲ್ಲ’ ಎಂದು ಬರೆಯದೆ ‘ನುಣುಪು’ ಎಂದು ಬರೆದದ್ದು ಬೇಕೆಂದೇ. ಇಂಥ ಮಾದರಿಗಳಿಗೆ ನಿಷೇಧ ಅರ್ಥವಾಗುವುದು ಬಹಳ ಕಡಿಮೆ. ವಾಕ್ಯದಲ್ಲಿ ಹಲ್ಲು ಎಂಬ ಮಾತು ಬಂದ ಕೂಡಲೇ ಬಾಣ ಹಲ್ಲಿರುವ ಉಪಕರಣದ ಕಡೆಗೆ, ಅಂದರೆ ಆಲಿಸ್‌ನ ಕಡೆಗೆ ವಾಲುತ್ತದೆ. ‘ಇಲ್ಲ’ ಎಂಬುದಕ್ಕೆ ಅದನ್ನು ಹಿಂದಕ್ಕೆ ಎಳೆಯುವಷ್ಟು ಬಲವಿರುವುದಿಲ್ಲ. ಪದಗಳ ಕ್ರಮವೂ ಹಾಗೆಯೇ: ‘ಫೋರ್ಸೆಪ್ಸಿನ ಎಡಕ್ಕೆ ಕತ್ತರಿ’, ‘ಕತ್ತರಿಯ ಎಡಕ್ಕೆ ಫೋರ್ಸೆಪ್ಸ್’ ಎರಡೂ ಕ್ಲಿಪ್‌ಗೆ ಹೆಚ್ಚುಕಡಿಮೆ ಒಂದೇ. ಉಪಯೋಗವನ್ನು ಬರೆಯುವಾಗಲೂ ಎಚ್ಚರ ಬೇಕು. ‘ಸೂಜಿ ಹಿಡಿಯುವ ಉಪಕರಣ’ ಎಂದರೆ ಪಕ್ಕದಲ್ಲಿ ಬಿದ್ದಿರುವ ಸೂಜಿಯೇ ಗಮನ ಕದಿಯಬಹುದು. ಕಂಡದ್ದನ್ನು ಬರೆಯುವುದೇ ಕ್ಷೇಮ. ಹಾಗೆಂದು ಪ್ರಬಂಧ ಬರೆಯುವಂತೆಯೂ ಇಲ್ಲ. ಕ್ಲಿಪ್‌ನ ಪಠ್ಯಜಾಲ ಒಮ್ಮೆಗೆ ಓದುವುದು 77 ಟೋಕನ್‌ಗಳನ್ನು (ಪದ ಅಥವಾ ಪದದ ತುಣುಕುಗಳನ್ನು) ಮಾತ್ರ. ಅದನ್ನು ಮೀರಿದ್ದಕ್ಕೆ ಅಲ್ಲಿ ಜಾಗವಿಲ್ಲ.

ನೂರಾರು ಉಪಕರಣಗಳಿಗೆ ಹೀಗೆ ಚಹರೆ ಬರೆಯುವವರು ಯಾರು? ಕೇಳಿದ್ದಕ್ಕೆ ಪಠ್ಯ ಬರೆದುಕೊಡುವ ಭಾಷಾ ಮಾದರಿಗಳಿಂದಲೇ ಬರೆಸಬಹುದು. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಪಠ್ಯದಿಂದ ಬೇರ್ಪಡಿಸುವ ಬಗ್ಗೆ 2023ರ ನ್ಯೂರಿಪ್ಸ್ ಸಮ್ಮೇಳನದಲ್ಲಿ ಮಂಡನೆಯಾದ ಒಂದು ಸಂಶೋಧನೆ ಈ ದಾರಿ ಹಿಡಿಯಿತು. ಜಿಪಿಟಿ-4ರಂಥ ಮಾದರಿಗಳಿಂದ ಪ್ರತಿ ಉಪಕರಣಕ್ಕೂ ಹಲವು ವಿವರಣೆ ಬರೆಸಿ, ಯಾವ ಚಿತ್ರಕ್ಕೆ ಯಾವ ವಿವರಣೆಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಜಾಲವೇ ಕಲಿಯುವಂತೆ ಮಾಡಿತು. ಉಪಾಯ ಒಳ್ಳೆಯದು. ಭಾಷಾ ಮಾದರಿ ಬರೆದ ವಿವರಣೆಯನ್ನು ಉಪಕರಣ ಬಲ್ಲವರು ಒಮ್ಮೆ ಓದಿ ನೋಡಬೇಕು ಎಂಬುದನ್ನು ಮಾತ್ರ ನಾನು ಸೇರಿಸುತ್ತೇನೆ. ಆಲಿಸ್‌ನ ಹಲ್ಲನ್ನು ಬ್ಯಾಬ್‌ಕಾಕ್‌ಗೆ ಅಂಟಿಸಿ ಸೊಗಸಾದ ವಾಕ್ಯ ಬರೆಯುವುದು ಅವುಗಳಿಗೆ ಕಷ್ಟವೇನಲ್ಲ.

‘ಏನು’ ಎಂಬುದರಿಂದ ‘ಎಲ್ಲಿ’ ಎಂಬಲ್ಲಿಗೆ

ಇದುವರೆಗೆ ಹೇಳಿದ್ದು ಇಡೀ ಚಿತ್ರಕ್ಕೆ ಒಂದು ಹೆಸರು ಕೊಡುವ ಮಾತು. ನಮಗೆ ಬೇಕಾದುದು ಉಪಕರಣದ ಅಂಚಿಗೆ ಸರಿಯಾಗಿ ಹೊಂದುವ ಬಣ್ಣದ ಪದರ, ಅಂದರೆ ಮಾಸ್ಕ್. ಕ್ಲಿಪ್ ಚಿತ್ರವನ್ನು ಚೌಕ ತುಂಡುಗಳಾಗಿ ಕತ್ತರಿಸಿ ಓದುತ್ತದೆ. ಒಂದೊಂದು ತುಂಡಿಗೂ ಒಂದು ಬಾಣ ಒಳಗೇ ಇರುತ್ತದೆ. ಆ ತುಂಡುಗಳ ಮಾಹಿತಿಯನ್ನು ಪಠ್ಯದ ಬಾಣದ ಜೊತೆ ಕೂಡಿಸಿ ಪಿಕ್ಸೆಲ್ ಮಟ್ಟದ ನಕ್ಷೆ ಬಿಡಿಸಲು ಇನ್ನೊಂದು ಚಿಕ್ಕ ಜಾಲವನ್ನು ತರಬೇತುಗೊಳಿಸುವುದು ಒಂದು ದಾರಿ. 2022ರ ಕ್ಲಿಪ್‌ಸೆಗ್ ಮಾಡಿದ್ದು ಇದನ್ನೇ. ಇನ್ನೊಂದು ದಾರಿಯಲ್ಲಿ ಕೆಲಸ ಹಂಚಿಕೆಯಾಗುತ್ತದೆ. ಗ್ರೌಂಡಿಂಗ್ ಡೈನೊ ಎಂಬ ಮಾದರಿ ಪಠ್ಯವನ್ನು ಓದಿ ಉಪಕರಣದ ಸುತ್ತ ಒಂದು ಆಯತ ಎಳೆಯುತ್ತದೆ. ಆ ಆಯತವನ್ನು ಮೆಟಾ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಸ್ಯಾಮ್ ಮಾದರಿಗೆ ಕೊಟ್ಟರೆ ಅದು ಒಳಗಿನ ವಸ್ತುವಿನ ಅಂಚನ್ನು ಕೆತ್ತಿ ಕೊಡುತ್ತದೆ.

ಸ್ಯಾಮ್‌ನ ಅಂಚು ಹಿಡಿಯುವ ಕೈಚಳಕ ದೊಡ್ಡದು. 1.1 ಕೋಟಿ ಚಿತ್ರಗಳು, 110 ಕೋಟಿ ಮಾಸ್ಕ್‌ಗಳಿಂದ ಅದು ಕಲಿತಿದೆ. ಆದರೆ ಆ ಮಾಸ್ಕ್‌ಗಳಿಗೆ ಹೆಸರುಗಳಿರಲಿಲ್ಲ. ಹಾಗಾಗಿ ಆಯತ ಎಳೆದವನು ತಪ್ಪಿದರೆ ಸ್ಯಾಮ್ ತಪ್ಪು ಉಪಕರಣವನ್ನೇ ಕೂದಲಿನಷ್ಟು ನಿಖರವಾಗಿ ಕತ್ತರಿಸಿ ಕೊಡುತ್ತದೆ. ನೋಡಲು ಎಷ್ಟು ಚೊಕ್ಕವೆಂದರೆ ತಪ್ಪಿದೆ ಎಂದು ಅನ್ನಿಸುವುದೇ ಇಲ್ಲ. ನನ್ನ ಮಟ್ಟಿಗೆ ಈ ಜೋಡಣೆಯ ನಿಜವಾದ ಅಪಾಯ ಇದು. 2025ರ ನವೆಂಬರ್‌ನಲ್ಲಿ ಬಂದ ಸ್ಯಾಮ್‌ನ ಮೂರನೆಯ ಆವೃತ್ತಿ ಚಿಕ್ಕ ಪದಗುಚ್ಛವನ್ನು ಓದಿ ಆ ಬಗೆಯ ವಸ್ತುಗಳನ್ನೆಲ್ಲ ತಾನೇ ಹುಡುಕುತ್ತದೆ. ದಾರಿ ಚಿಕ್ಕದಾಯಿತು. ಮಸ್ಕಿಟೋ ಮತ್ತು ಬುಲ್‌ಡಾಗ್‌ಗಳ ತೊಡಕು ಅಷ್ಟರಿಂದಲೇ ಹೋಗುವಂಥದ್ದಲ್ಲ.

ಅಳತೆಯ ಬಗ್ಗೆ ಯಾರೂ ಸಾಕಷ್ಟು ಮಾತನಾಡುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕ್ಲಿಪ್‌ನ ಚಿಕ್ಕ ಮಾದರಿಗೆ ಚಿತ್ರವನ್ನು 224ಕ್ಕೆ 224 ಪಿಕ್ಸೆಲ್‌ಗೆ ಇಳಿಸಿ ಕೊಡಬೇಕು. ಅದು 32 ಪಿಕ್ಸೆಲ್ ಅಗಲದ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತದೆ: ಅಡ್ಡಕ್ಕೆ ಏಳು, ಉದ್ದಕ್ಕೆ ಏಳು, ಒಟ್ಟು 49. ಎಂಡೊವಿಸ್‌ನ 1280ಕ್ಕೆ 1024ರ ಚಿತ್ರದಲ್ಲಿ ನೀಡಲ್ ಹೋಲ್ಡರಿನ ಬಾಯಿ 100 ಪಿಕ್ಸೆಲ್ ಉದ್ದವಿತ್ತು ಎನ್ನಿ. ಇಳಿಸಿದ ಮೇಲೆ ಅದು 22 ಪಿಕ್ಸೆಲ್. ಒಂದು ತುಂಡಿನೊಳಗೇ ಇಡೀ ಬಾಯಿ ಮುಳುಗಿಹೋಗುತ್ತದೆ. ಜಾಲರಿಗೀರೋ ಅಡ್ಡಗೀರೋ ಎಂಬ ಭೇದ ಯಂತ್ರದ ಕಣ್ಣಿಗೆ ಬೀಳುವ ಮೊದಲೇ ಅಳಿಸಿಹೋಗಿದೆ. ಪ್ರಾಂಪ್ಟ್‌ನಲ್ಲಿ ಗೀರುಗಳ ಬಗ್ಗೆ ಎಷ್ಟು ಚೆನ್ನಾಗಿ ಬರೆದರೇನು? ರೋಬೋಟಿನ ಉಪಕರಣಗಳಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ಅವುಗಳ ದಂಡಗಳು ನೋಡಲು ಒಂದೇ ಥರ. ಬೇರೆ ಬೇರೆಯಾಗಿರುವುದು ಮಣಿಕಟ್ಟಿನಿಂದ ಆಚೆಗೆ ಮಾತ್ರ.

ಇಳಿಸುವ ಕ್ರಮದಲ್ಲಿ ಇನ್ನೊಂದು ಕಳ್ಳಗಿಂಡಿಯಿದೆ. ಕ್ಲಿಪ್‌ನ ಜೊತೆ ಬರುವ ಸಿದ್ಧ ವಿಧಾನ ಚಿತ್ರದ ಗಿಡ್ಡ ಬದಿಯನ್ನು 224ಕ್ಕೆ ತಂದು, ಉಳಿದುದರಲ್ಲಿ ನಡುವಿನ ಚೌಕವನ್ನಷ್ಟೇ ಇಟ್ಟುಕೊಳ್ಳುತ್ತದೆ. ನಮ್ಮ ಚಿತ್ರದಲ್ಲಿ ಹೀಗೆ ಎಡಬಲದ ತಲಾ 128 ಪಿಕ್ಸೆಲ್, ಒಟ್ಟು ಐದನೆಯ ಒಂದು ಭಾಗ, ಕತ್ತರಿಸಿಹೋಗುತ್ತದೆ. ಬೆಕ್ಕು ನಾಯಿಗಳ ಫೋಟೋಗೆ ಇದರಿಂದ ನಷ್ಟವಿಲ್ಲ, ಅವು ನಡುವೆಯೇ ಕೂತಿರುತ್ತವೆ. ಎಂಡೊಸ್ಕೋಪಿನ ಚಿತ್ರದಲ್ಲಿ ಉಪಕರಣಗಳು ಒಳಗೆ ಬರುವುದೇ ಬದಿಗಳಿಂದ! ಮಾದರಿ ಕೈಕೊಟ್ಟಿತು ಎಂದು ಪ್ರಾಂಪ್ಟ್ ತಿದ್ದುತ್ತ ಕೂರುವ ಮೊದಲು, ಅದಕ್ಕೆ ನಿಜವಾಗಿ ತಲುಪಿದ ಚಿತ್ರ ಯಾವುದು ಎಂದು ಒಮ್ಮೆ ತೆರೆದು ನೋಡುವುದು ಮೇಲು. ಚಿತ್ರವನ್ನು ಒಂದರ ಮೇಲೊಂದು ಸ್ವಲ್ಪ ಹಾಯುವ ತುಂಡುಗಳಾಗಿ ಮಾಡಿ ಒಂದೊಂದನ್ನೇ ಕೊಟ್ಟರೆ, ಅಥವಾ ಹೆಚ್ಚು ಪಿಕ್ಸೆಲ್ ಓದಬಲ್ಲ ಮಾದರಿ ಬಳಸಿದರೆ ಈ ನಷ್ಟದಲ್ಲಿ ಬಹುಪಾಲನ್ನು ತಪ್ಪಿಸಬಹುದು.

ಥಿಯೇಟರಿನ ವಾಸ್ತವ

ಉಕ್ಕಿನ ಮೈ ಕನ್ನಡಿ. ಅಂಗಾಂಶದ ಕೆಂಪು ಅದರಲ್ಲಿ ಪ್ರತಿಫಲಿಸಿ ಉಪಕರಣದ ಅಂಚನ್ನೇ ನುಂಗುತ್ತದೆ. ದೀಪದ ಬೆಳಕು ಬಿದ್ದ ಕಡೆ ಬರೀ ಬಿಳಿ. ವಿದ್ಯುತ್ತಿನಿಂದ ಸುಡುವಾಗ ಹೊಗೆ ಏಳುತ್ತದೆ, ಲೆನ್ಸ್‌ಗೆ ರಕ್ತ ಚಿಮ್ಮುತ್ತದೆ, ಒಂದು ಉಪಕರಣದ ಮೇಲೆ ಇನ್ನೊಂದು ಬರುತ್ತದೆ. ಅಂತರ್ಜಾಲದ ಕ್ಯಾಟಲಾಗ್ ಚಿತ್ರಗಳಲ್ಲಿ ಇದಾವುದೂ ಇಲ್ಲ. ಅಲ್ಲಿ ಬಿಳಿಯ ಹಿನ್ನೆಲೆಯಲ್ಲಿ ಉಪಕರಣ ಮಲಗಿರುತ್ತದೆ, ಅಷ್ಟೇ. ಆದ್ದರಿಂದ ಯಾವ ತಿದ್ದುಪಡಿಯನ್ನೂ ಮಾಡದೆ ಕ್ಲಿಪ್ ಅನ್ನು ಶಸ್ತ್ರಚಿಕಿತ್ಸೆಯ ವಿಡಿಯೊಗೆ ಹಚ್ಚಿದರೆ ಫಲ ನಿರಾಶಾದಾಯಕ. ದೊಡ್ಡ ಜಾಲವನ್ನು ಹಾಗೆಯೇ ಇಟ್ಟು, ಅದರ ನಡುವೆ ಚಿಕ್ಕ ಪದರಗಳನ್ನು ಸೇರಿಸಿ, ಅವನ್ನಷ್ಟೇ ಶಸ್ತ್ರಚಿಕಿತ್ಸೆಯ ಚಿತ್ರಗಳಿಂದ ತರಬೇತುಗೊಳಿಸುವುದು ಈಗಿನ ರೂಢಿ. ವೈದ್ಯಕೀಯ ಲೇಖನಗಳ ಚಿತ್ರ ಮತ್ತು ಅಡಿಬರಹಗಳ 1.5 ಕೋಟಿ ಜೋಡಿಗಳಿಂದ ಕಲಿತ ಬಯೋಮೆಡ್‌ಕ್ಲಿಪ್‌ನಂಥ ಮಾದರಿಗಳೂ ಇವೆ. ಆದರೆ ಲೇಖನದಲ್ಲಿ ಅಚ್ಚಾಗುವ ಎಕ್ಸ್-ರೇ, ಸೂಕ್ಷ್ಮದರ್ಶಕದ ಚಿತ್ರಗಳಿಗೂ ಓಡುವ ವಿಡಿಯೊಗೂ ಅಂತರ ಬಹಳ.

ಟ್ರೇಯ ಚಿತ್ರಗಳಲ್ಲಿ ಇನ್ನೊಂದು ವಿಚಿತ್ರ ಬಲೆಯಿದೆ. ಸೇಬಿನ ಮೇಲೆ ‘ಐಪಾಡ್’ ಎಂದು ಬರೆದ ಚೀಟಿ ಅಂಟಿಸಿದರೆ ಕ್ಲಿಪ್ ಅದನ್ನು ಐಪಾಡ್ ಎಂದಿತು. ಓಪನ್‌ಎಐ ತಾನೇ 2021ರಲ್ಲಿ ಇದನ್ನು ತೋರಿಸಿತು. ಚಿತ್ರದೊಳಗಿನ ಅಕ್ಷರಗಳನ್ನು ಅದು ಓದಿಬಿಡುತ್ತದೆ, ಮತ್ತು ಓದಿದ್ದನ್ನು ಕಂಡದ್ದಕ್ಕಿಂತ ಹೆಚ್ಚು ನಂಬುತ್ತದೆ. ಉಪಕರಣಗಳ ಟ್ರೇಗಳಿಗೆ ಹೆಸರಿನ ಪಟ್ಟಿ ಅಂಟಿಸುವುದು ಸಾಮಾನ್ಯ. ‘ಆಲಿಸ್’ ಎಂದು ಇಂಗ್ಲಿಷಿನಲ್ಲಿ ಬರೆದ ಜಾಗದಲ್ಲಿ ಬ್ಯಾಬ್‌ಕಾಕ್ ಇದ್ದರೆ ಯಂತ್ರ ಯಾವುದರ ಪರ ವಹಿಸುತ್ತದೆ? ಜೋಡಿಸಿದವರ ತಪ್ಪನ್ನು ಹಿಡಿಯಲೆಂದೇ ಇಟ್ಟ ಕ್ಯಾಮೆರಾ ಆ ತಪ್ಪಿಗೇ ಮೊಹರು ಒತ್ತಿದಂತಾಗುತ್ತದೆ.

ಲೆಕ್ಕದ ವಿಷಯಕ್ಕೆ ಬಂದರೆ, ಎಣಿಸುವುದು ಈ ಮಾದರಿಗಳ ದೌರ್ಬಲ್ಯಗಳಲ್ಲಿ ಒಂದು. ಅಡ್ಡಾದಿಡ್ಡಿ ಬಿದ್ದ ಐದು ಆರ್ಟರಿ ಫೋರ್ಸೆಪ್ಸ್‌ಗಳಲ್ಲಿ ಎರಡು ಒಂದಕ್ಕೊಂದು ತಾಗಿದ್ದರೆ ಅವು ಒಂದೇ ಮಾಸ್ಕ್ ಆಗಬಹುದು. ಒಂದರ ಹಿಡಿ ಮತ್ತು ಬಾಯಿ ನಡುವೆ ಬಟ್ಟೆ ಬಂದರೆ ಅದೇ ಎರಡಾಗಬಹುದು. ಸೂಜಿಯಂತೂ ಕೆಲವೇ ಪಿಕ್ಸೆಲ್. ಕ್ಯಾಮೆರಾಕ್ಕೆ ಕಾಣುವುದು ಮೇಲಿರುವುದು ಮಾತ್ರ ಎಂಬುದನ್ನೂ ಮರೆಯುವಂತಿಲ್ಲ. ಒಂದು ಇಕ್ಕಳ ರೋಗಿಯ ಹೊಟ್ಟೆಯಲ್ಲಿ ಉಳಿದಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಈ ಗುಣಮಟ್ಟದ ಉತ್ತರ ಸಾಲದು. ಇಬ್ಬರು ಜೋರಾಗಿ ಎಣಿಸುವುದು, ಬಟ್ಟೆಯುಂಡೆಯಲ್ಲಿ ಎಕ್ಸ್-ರೇಗೆ ಕಾಣುವ ಎಳೆ ನೇಯುವುದು, ಸಂಶಯವಿದ್ದರೆ ಎಕ್ಸ್-ರೇ ತೆಗೆಯುವುದು ಹಳೆಯ ಕ್ರಮಗಳು ನಿಜ. ಅವುಗಳ ಪಕ್ಕದಲ್ಲಿ ಕ್ಯಾಮೆರಾ ಇರಲಿ, ಅವುಗಳ ಜಾಗದಲ್ಲಿ ಬೇಡ.

ಅಂಕ ಓದುವಾಗ

ಇಂಥ ಮಾದರಿಗಳ ಗುಣವನ್ನು ಅಳೆಯಲು ಬಳಸುವುದು ಐಒಯು ಎಂಬ ಅಂಕ: ಯಂತ್ರ ಬಳಿದ ಬಣ್ಣ ಮತ್ತು ನಿಜವಾದ ಆಕೃತಿ ಎರಡೂ ಕೂಡುವ ಜಾಗವನ್ನು, ಅವೆರಡೂ ಸೇರಿ ಆವರಿಸುವ ಜಾಗದಿಂದ ಭಾಗಿಸಿದರೆ ಬರುವ ಸಂಖ್ಯೆ. 1 ಬಂದರೆ ಪರಿಪೂರ್ಣ. ಆದರೆ ತೆಳುವಾದ ವಸ್ತುಗಳಿಗೆ ಈ ಅಂಕ ನಿರ್ದಯಿ. 100 ಪಿಕ್ಸೆಲ್ ಅಗಲದ ದಂಡದ ಎರಡೂ ಬದಿಗೆ ಒಂದೊಂದು ಪಿಕ್ಸೆಲ್ ಬಣ್ಣ ಹೆಚ್ಚಾದರೆ ಅಂಕ 0.98. ಅದೇ ತಪ್ಪು 4 ಪಿಕ್ಸೆಲ್ ಅಗಲದ ಸೂಜಿಯಲ್ಲಾದರೆ 0.67. ಆದ್ದರಿಂದ ಎಲ್ಲ ಉಪಕರಣಗಳಿಗೂ ಸೇರಿಸಿ ಕೊಟ್ಟ ಒಂದೇ ಸರಾಸರಿಯನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಒಂದೊಂದು ಬಗೆಯ ಅಂಕವನ್ನೂ ಬೇರೆಯಾಗಿ ಕೇಳಬೇಕು. ಒಂದೇ ವಿಡಿಯೊದ ಪಕ್ಕಪಕ್ಕದ ಚಿತ್ರಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿದ್ದರೆ ಆ ಅಂಕಕ್ಕೆ ಬೆಲೆಯಿಲ್ಲ. ಚಿತ್ರದಲ್ಲಿ ಇಲ್ಲದ ಉಪಕರಣವನ್ನು ಕೇಳಿದಾಗ ಮಾದರಿ ಎಷ್ಟು ಸಲ ಸುಮ್ಮನಿತ್ತು ಎಂಬುದನ್ನೂ ಹೇಳದಿದ್ದರೆ ಆ ಪರೀಕ್ಷೆ ಅರ್ಧದ್ದು.

ಇಷ್ಟೆಲ್ಲ ದೂರಿದ ಮೇಲೂ ಈ ವಿಧಾನ ಈಗಲೇ ಚೆನ್ನಾಗಿ ಉಪಯೋಗಕ್ಕೆ ಬರುವ ಜಾಗವೊಂದಿದೆ: ಹೊಸ ದತ್ತಾಂಶಕ್ಕೆ ಗುರುತು ಹಾಕುವ ಕೆಲಸ. ಪಠ್ಯದಿಂದ ಹುಡುಕಿಸಿ ಕರಡು ಮಾಸ್ಕ್ ಪಡೆದು, ತಿಳಿದವರು ಅದನ್ನು ತಿದ್ದಿದರೆ, ಖಾಲಿ ಚಿತ್ರದಲ್ಲಿ ಅಂಚು ಎಳೆಯುತ್ತ ಕೂರುವುದು ತಪ್ಪುತ್ತದೆ. ತಪ್ಪಾದರೂ ರೋಗಿಗೆ ಅಪಾಯವಿಲ್ಲ, ತಿದ್ದುವ ಕೈ ಮುಂದೆಯೇ ಇರುತ್ತದೆ. ತಿದ್ದುವವರು ದಣಿದಾಗ ಕರಡನ್ನೇ ಒಪ್ಪಿಬಿಡುವ ಸಾಧ್ಯತೆ ಮಾತ್ರ ಇದ್ದೇ ಇದೆ. ಅದಕ್ಕಾಗಿ ಕೆಲವು ಚಿತ್ರಗಳನ್ನು ಕರಡಿಲ್ಲದೆ ಮೊದಲಿನಿಂದಲೇ ಗುರುತು ಮಾಡಲು ಕೊಟ್ಟು, ಎರಡೂ ಬಗೆಯ ಗುರುತುಗಳು ಎಲ್ಲಿ ಬೇರೆಯಾಗುತ್ತವೆ ಎಂದು ಹೋಲಿಸಿ ನೋಡಬೇಕು. ಬೇರೆಯಾದ ಜಾಗಗಳಲ್ಲಿ ನೀಡಲ್ ಹೋಲ್ಡರ್‌ಗಳೇ ಮತ್ತೆ ಮತ್ತೆ ಕಂಡರೆ, ಆ ಪ್ರಾಂಪ್ಟ್ ಅನ್ನು ಮತ್ತೊಮ್ಮೆ ಬರೆದು, ಚಿತ್ರದ ತುಂಡುಗಳನ್ನು ಇನ್ನಷ್ಟು ಚಿಕ್ಕದು ಮಾಡಿ, ಆ ಕಂತನ್ನು ಹೊಸದಾಗಿ ಓಡಿಸಬೇಕಾಗುತ್ತದೆ.